ಕಡಲಾಚೆಯ ಮನೆವಾರ್ತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನಿಂದ ಹೊರದೇಶಕ್ಕೆ ಹೋಗಿ ನೆಲೆಸಿದ ಹೆಣ್ಣುಮಕ್ಕಳು ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ‘ಇದು ಸಣ್ಣ ವಿಷಯ, ಕೇಳಬಹುದೋ ಇಲ್ಲವೋ’ ಎಂಬ ಹಿಂಜರಿಕೆ ಎಲ್ಲ ಪತ್ರಗಳಲ್ಲೂ ಇದೆ. ಅಡುಗೆಮನೆ, ಬಾಣಂತನ, ವಯಸ್ಸಾದ ತಂದೆತಾಯಿಯರ ಯೋಗಕ್ಷೇಮ ಸಣ್ಣ ವಿಷಯಗಳಲ್ಲ. ಊರಿನಲ್ಲಿ ಹತ್ತು ಕೈಗಳು ಹಂಚಿಕೊಂಡು ಮಾಡುವ ಕೆಲಸವನ್ನು ಅಲ್ಲಿ ಒಬ್ಬಳೇ ಮಾಡುತ್ತಿರುತ್ತಾಳೆ. ಆ ಹತ್ತು ಕೈಗಳ ಬದಲಿಗೆ ಆಯಾ ದೇಶದಲ್ಲಿ ಏನೇನು ವ್ಯವಸ್ಥೆ ಇದೆ ಎಂಬುದನ್ನು ತಿಳಿದುಕೊಂಡು, ಅದನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಬೇಕು ಎಂಬ ನಿಲುವಿನಿಂದಲೇ ಈ ಉತ್ತರಗಳನ್ನು ಬರೆದಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಮದುವೆಗೆ ಮೊದಲು ಗೋಣಿಕೊಪ್ಪಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಈಗ ಪತಿಯೊಂದಿಗೆ ಮ್ಯೂನಿಕ್‌ನಲ್ಲಿದ್ದೇನೆ. ರಾತ್ರಿ ಮಿಕ್ಸಿ ಹಾಕಿದ್ದಕ್ಕೆ ಕೆಳಮನೆಯವರು ಬಂದು ಬಾಗಿಲು ತಟ್ಟಿದರು. ಚಳಿಗಾಲದಲ್ಲಿ ಮಲಗುವ ಕೋಣೆಯ ಗೋಡೆಗೆ ಬೂಸ್ಟು ಹಿಡಿದು, ಮನೆಯ ಮಾಲೀಕರು ಆಕ್ಷೇಪಿಸಿ ಪತ್ರ ಕಳುಹಿಸಿದ್ದಾರೆ. ಕೆಲಸವೂ ಇಲ್ಲ, ಒಂದು ಮನೆ ನೋಡಿಕೊಳ್ಳಲೂ ಬರುವುದಿಲ್ಲ ಎನಿಸಿ ಕುಗ್ಗಿಹೋಗಿದ್ದೇನೆ.

ಉತ್ತರ: ಮನೆ ನೋಡಿಕೊಳ್ಳಲು ನಿಮಗೆ ಚೆನ್ನಾಗಿಯೇ ಬರುತ್ತದೆ. ಆದರೆ ನೀವು ಕಲಿತದ್ದು ಕೊಡಗಿನ ಹವೆಗೆ ತಕ್ಕ ಮನೆವಾರ್ತೆ, ಈಗಿರುವುದು ಬೇರೆ ಹವೆಯಲ್ಲಿ. ಬೂಸ್ಟಿನ ವಿಷಯವನ್ನೇ ನೋಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುವುದರಿಂದ ಕಿಟಕಿ ಮುಚ್ಚಿ, ಒಲೆಯ ಶಾಖದಲ್ಲಿ ಬಟ್ಟೆ ಆರಿಸುವುದು ರೂಢಿ. ಜರ್ಮನಿಯ ಚಳಿಗಾಲದಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ಹೊರಗಿನ ಗಾಳಿ ಕೊರೆಯುವಷ್ಟು ತಣ್ಣಗಿದ್ದರೂ ಅದರಲ್ಲಿರುವ ತೇವ ಬಹಳ ಕಡಿಮೆ; ತೇವವೆಲ್ಲ ಮನೆಯ ಒಳಗೇ ಹುಟ್ಟುತ್ತದೆ. ಕಡಂಬುಟ್ಟು ಬೇಯಿಸಿದ ಆವಿ, ಸ್ನಾನದ ಆವಿ, ಕೋಣೆಯಲ್ಲಿ ಹರವಿದ ಒದ್ದೆ ಬಟ್ಟೆ, ರಾತ್ರಿಯಿಡೀ ಇಬ್ಬರ ಉಸಿರು, ಇವೆಲ್ಲ ಸೇರಿ ತಣ್ಣನೆಯ ಹೊರಗೋಡೆಯ ಮೇಲೆ ನೀರಾಗಿ ಕೂರುತ್ತವೆ, ಅಲ್ಲಿ ಬೂಸ್ಟು ಬೆಳೆಯುತ್ತದೆ. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಬಾರಿ, ಹೀಟರ್ ತಗ್ಗಿಸಿ, ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಟ್ಟು ಮತ್ತೆ ಮುಚ್ಚಿ. ಕಿಟಕಿಯನ್ನು ಓರೆಯಾಗಿ ದಿನವಿಡೀ ತೆರೆದಿಟ್ಟರೆ ಸುತ್ತಲಿನ ಗೋಡೆ ತಣ್ಣಗಾಗಿ ಬೂಸ್ಟು ಇನ್ನೂ ಹೆಚ್ಚುತ್ತದೆ. ಬೀರುವನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಈಚೆಗೆ ಎಳೆದಿಡಿ. ಮಾಲೀಕರಿಗೆ ಬರೆಯುವ ಉತ್ತರದಲ್ಲಿ ಈಗ ಹೀಗೆ ಗಾಳಿಯಾಡಿಸುತ್ತಿದ್ದೇವೆ ಎಂದು ತಿಳಿಸಿ, ಗೋಡೆಯ ಚಿತ್ರವನ್ನು ದಿನಾಂಕ ಸಹಿತ ತೆಗೆದಿಟ್ಟುಕೊಳ್ಳಿ. ಇಷ್ಟಾದರೂ ಬೂಸ್ಟು ನಿಲ್ಲದಿದ್ದರೆ ಗೋಡೆಯಲ್ಲೇ ದೋಷವಿರಬಹುದು, ಆಗ ಆ ಚಿತ್ರಗಳು ನಿಮಗೆ ಆಧಾರವಾಗುತ್ತವೆ.

ಮಿಕ್ಸಿಯ ವಿಷಯ ಸುಲಭ. ಅಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಹಾಗೂ ಭಾನುವಾರ ಮತ್ತು ಸಾರ್ವತ್ರಿಕ ರಜಾದಿನಗಳಂದು ಇಡೀ ದಿನ, ಸದ್ದು ಮಾಡಬಾರದ ಹೊತ್ತು. ಕಾಯಿ, ಮಸಾಲೆಗಳನ್ನು ಶನಿವಾರ ಹಗಲು ರುಬ್ಬಿ ಫ್ರೀಜರಿನಲ್ಲಿಡಿ. ಭಾನುವಾರ ಅಂಗಡಿಗಳೂ ಮುಚ್ಚಿರುವುದರಿಂದ ವಾರದ ಸಾಮಾನನ್ನೂ ಶನಿವಾರವೇ ತಂದಿಟ್ಟುಕೊಳ್ಳುವುದು ಅನುಕೂಲ. ಕೆಳಮನೆಯವರನ್ನು ಒಮ್ಮೆ ಕಂಡು, ನಿಯಮ ತಿಳಿದಿರಲಿಲ್ಲ ಎಂದು ನೇರವಾಗಿ ಹೇಳಿಬಿಡಿ.

ಕೆಲಸವಿಲ್ಲ ಎಂದು ಬರೆದಿರುವುದು ನನ್ನನ್ನು ಹೆಚ್ಚು ಕಾಡಿತು. ಕುಟುಂಬ ವೀಸಾದ ಮೇಲೆ ಜರ್ಮನಿಗೆ ಹೋದ ಪತ್ನಿಗೆ ಅಲ್ಲಿ ಉದ್ಯೋಗ ಮಾಡುವ ಹಕ್ಕು ಇದೆ. ನಿಮ್ಮ ವಾಸ್ತವ್ಯದ ಕಾರ್ಡಿನಲ್ಲಿರುವ ಷರಾವನ್ನು ಓದಿಸಿ ನೋಡಿ. ಹೊಸದಾಗಿ ಬಂದವರಿಗಾಗಿ ಸರ್ಕಾರ ನಡೆಸುವ ಇಂಟಿಗ್ರೇಷನ್ ಕೋರ್ಸಿನಲ್ಲಿ ಸಾಮಾನ್ಯವಾಗಿ 600 ಪಾಠಾವಧಿ ಭಾಷೆಯನ್ನೂ 100 ಪಾಠಾವಧಿ ದೇಶದ ಪರಿಚಯವನ್ನೂ ಕಲಿಸುತ್ತಾರೆ. ತರಗತಿಗೆ ಹೋದರೆ ಭಾಷೆಯಷ್ಟೇ ಅಲ್ಲ, ನಿಮ್ಮ ಹಾಗೆಯೇ ಹೊಸದಾಗಿ ಬಂದ ನಾಲ್ಕಾರು ಹೆಂಗಸರ ಪರಿಚಯವೂ ಆಗುತ್ತದೆ. ನಿಮ್ಮ ಪದವಿ ಪ್ರಮಾಣಪತ್ರಗಳಿಗೆ ಅಲ್ಲಿನ ಮಾನ್ಯತೆ ಪಡೆಯುವ ಅರ್ಜಿಯನ್ನು ಭಾಷೆ ಬರುವವರೆಗೆ ಕಾಯದೆ ಈಗಲೇ ಆರಂಭಿಸಿ, ಏಕೆಂದರೆ ಕಾಗದಪತ್ರಗಳ ಅನುವಾದಕ್ಕೇ ಸಾಕಷ್ಟು ಸಮಯ ಹಿಡಿಯುತ್ತದೆ. ನಿಮ್ಮ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆಯೂ ಇರಲಿ.

ಅಮೆರಿಕದಲ್ಲಿರುವ ಓದುಗರಿಗೆ ಒಂದು ಎಚ್ಚರಿಕೆ: ಅಲ್ಲಿ ಎಚ್-4 ವೀಸಾದ (ಉದ್ಯೋಗ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವ ವೀಸಾ) ಮೇಲಿರುವ ಪತ್ನಿಗೆ ಈ ಹಕ್ಕು ತಾನಾಗಿ ಬರುವುದಿಲ್ಲ. 2015ರಲ್ಲಿ ಬಂದ ನಿಯಮದ ಪ್ರಕಾರ, ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ ಮೇಲೆ, ಪ್ರತ್ಯೇಕ ಅನುಮತಿ ಪತ್ರ ಕೈಗೆ ಬಂದ ನಂತರವೇ ಕೆಲಸ ಮಾಡಬಹುದು. ಪರಿಚಯದವರ ಮನೆಯಲ್ಲಿ ಸಂಬಳಕ್ಕೆ ಮಗು ನೋಡಿಕೊಳ್ಳುವುದೂ ಉದ್ಯೋಗವೇ ಆಗುತ್ತದೆ.

ಪ್ರಶ್ನೆ: ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ. ಜನವರಿಯಲ್ಲಿ ಮೊದಲ ಹೆರಿಗೆ. ಸಿದ್ದಾಪುರದ ಬಳಿ ನಮ್ಮದು ರೋಬಸ್ಟಾ ತೋಟ. ಕುಯ್ಲಿನ ಸಮಯವಾದ್ದರಿಂದ ಅಮ್ಮ ಹೊರಡುವಂತಿಲ್ಲ. ಅಮ್ಮನಿಲ್ಲದ ಬಾಣಂತನ ಬಾಣಂತನವೇ ಅಲ್ಲ ಎಂದು ಅತ್ತೆಯವರು ಫೋನಿನಲ್ಲಿ ಬೇಸರಪಡುತ್ತಿದ್ದಾರೆ. ನನಗೂ ಭಯವಾಗುತ್ತಿದೆ.

ಉತ್ತರ: ಜನವರಿಯಿಂದ ಮಾರ್ಚ್‌ವರೆಗೆ ಆಳುಗಳನ್ನು ಕರೆತಂದು, ಹಣ್ಣು ಕುಯ್ಯಿಸಿ, ಕಣದಲ್ಲಿ ಒಣಗಿಸುವ ಹೊತ್ತಿನಲ್ಲಿ ತೋಟದ ಮನೆಯ ಯಜಮಾನಿ ಹೊರಟು ನಿಂತರೆ ವರ್ಷದ ಆದಾಯಕ್ಕೇ ಪೆಟ್ಟು. ನಿಮ್ಮ ತಾಯಿಗೆ ಅದು ಎಷ್ಟು ನೋವಿನ ನಿರ್ಧಾರವೆಂದು ಊಹಿಸಬಲ್ಲೆ. ಆದರೆ ಬಾಣಂತಿಯ ಆರೈಕೆಯ ವಿಷಯದಲ್ಲಿ ನೀವು ಒಳ್ಳೆಯ ದೇಶದಲ್ಲಿಯೇ ಇದ್ದೀರಿ. ಅಲ್ಲಿ ‘ಕ್ರಾಮ್‌ಜೋರ್ಖ್’ ಎಂಬ ವ್ಯವಸ್ಥೆ ಇದೆ. ಹೆರಿಗೆಯಾದ ಮೇಲೆ ತರಬೇತಿ ಪಡೆದ ಶುಶ್ರೂಷಕಿಯೊಬ್ಬರು ದಿನವೂ ಮನೆಗೆ ಬಂದು, ತಾಯಿಯ ಜ್ವರ, ಹೊಲಿಗೆಗಳನ್ನು ಪರೀಕ್ಷಿಸಿ, ಮಗುವಿನ ತೂಕ ನೋಡಿ, ಹಾಲೂಡಿಸುವುದನ್ನು ಹೇಳಿಕೊಟ್ಟು, ಬಾಣಂತಿಯ ಕೋಣೆ ಮತ್ತು ಬಟ್ಟೆಗಳ ಕೆಲಸವನ್ನೂ ಮಾಡಿಕೊಡುತ್ತಾರೆ. ಕಡ್ಡಾಯ ಆರೋಗ್ಯ ವಿಮೆಯಲ್ಲಿಯೇ ಇದು ಸೇರಿದೆ. ಗಂಟೆಗೆ ಸ್ವಲ್ಪ ಹಣವನ್ನು ಮಾತ್ರ ನೀವು ಭರಿಸಬೇಕು. ಸಾಮಾನ್ಯವಾಗಿ ಎಂಟರಿಂದ ಹತ್ತು ದಿನಗಳಲ್ಲಿ 49 ಗಂಟೆಗಳ ಆರೈಕೆ ದೊರೆಯುತ್ತದೆ. ಅಗತ್ಯಕ್ಕೆ ತಕ್ಕಂತೆ ಅದು 24 ಗಂಟೆಗಳಿಗೆ ಇಳಿಯಬಹುದು, 80ಕ್ಕೆ ಏರಬಹುದು. ಹೆಸರನ್ನು ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲೇ ನೋಂದಾಯಿಸಬೇಕು; ಇನ್ನೂ ಮಾಡಿಲ್ಲವಾದರೆ ಈ ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಅದನ್ನು ಮಾಡಿ. ಶುಶ್ರೂಷಕಿಯ ಬೆನ್ನು ನೋಯದಂತೆ ಬಾಣಂತಿಯ ಮಂಚವನ್ನು ಸುಮಾರು 80 ಸೆಂಟಿಮೀಟರ್ ಎತ್ತರಕ್ಕೆ ಏರಿಸಬೇಕೆಂಬ ನಿಯಮವೂ ಇದೆ. ಮಂಚದ ಕಾಲಿಗೆ ಕೊಡುವ ಅಡ್ಡೆಗಳು ಬಾಡಿಗೆಗೆ ಸಿಗುತ್ತವೆ, ಅವನ್ನು ಡಿಸೆಂಬರ್‌ನಲ್ಲೇ ತರಿಸಿಡಿ.

ಅದಾದ ಮೇಲೆ ನಿಮ್ಮ ಪತಿಯ ಸರದಿ. ಅಲ್ಲಿ ತಂದೆಯಾದವನಿಗೆ ಒಂದು ವಾರ ಪೂರ್ಣ ಸಂಬಳದ ರಜೆ ಇದೆ. 2020ರ ಜುಲೈಯಿಂದ, ಮಗುವಿಗೆ ಆರು ತಿಂಗಳು ತುಂಬುವುದರೊಳಗೆ ಸಂಬಳದ ಶೇಕಡಾ 70ರ ಲೆಕ್ಕದಲ್ಲಿ ಇನ್ನೂ ಐದು ವಾರಗಳ ರಜೆ ಸಿಗುತ್ತದೆ. ಅವರು ಈ ರಜೆಯನ್ನು ಪೂರ್ತಿ ಪಡೆಯಲಿ. ಗಂಡಸು ಬಾಣಂತಿಗೆ ಅನ್ನ ಬಸಿದು ಕೊಡುವುದರಲ್ಲಿ, ಮಗುವಿನ ಬಟ್ಟೆ ಒಗೆಯುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಕುಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅಮ್ಮ ಬರಲಿ. ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಭೇಟಿ ವೀಸಾ) 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಬೇಕು. ಶುಶ್ರೂಷಕಿಯ ಭೇಟಿಗಳು ಮುಗಿದು, ಪತಿಯೂ ಕೆಲಸಕ್ಕೆ ಮರಳಿ, ನಿಮಗೆ ನಿಜವಾಗಿ ಕೈ ಸೋಲುವ ಹೊತ್ತು ಅದೇ. ಅಮ್ಮನ ಸಹಾಯ ಆಗ ದೊರೆಯುವುದು ಇನ್ನೂ ಒಳ್ಳೆಯದು. ಅತ್ತೆಯವರಿಗೂ ಈ ಏರ್ಪಾಡನ್ನು ಬಿಡಿಸಿ ಹೇಳಿದರೆ ಅವರ ಆತಂಕ ತಗ್ಗೀತು.

ಊರಿನ ಪದ್ಧತಿಗಳಲ್ಲಿ ಎಣ್ಣೆ ಹಚ್ಚಿ ಮೃದುವಾಗಿ ನೀವುವುದು, ಬೆಚ್ಚಗಿನ ಸ್ನಾನ, ಬಿಸಿಯಾದ ಹಗುರ ಊಟ ಇವನ್ನು ಖಂಡಿತ ಉಳಿಸಿಕೊಳ್ಳಿ. ಆದರೆ ಕೊಡಗಿನ ಜೇನು ಎಷ್ಟೇ ಶುದ್ಧವಾಗಿದ್ದರೂ ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಹಚ್ಚಬೇಡಿ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುಗಳನ್ನು ಎಳೆಯ ಕರುಳು ತಡೆಯಲಾರದು. ಕಣ್ಣಿಗೆ ಕಾಡಿಗೆಯೂ ಬೇಡ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಸಾಂಬ್ರಾಣಿಯ ಹೊಗೆ ಹಸುಗೂಸಿನ ಶ್ವಾಸಕ್ಕೆ ಒಳ್ಳೆಯದಲ್ಲ, ಮನೆಯ ಹೊಗೆ ಎಚ್ಚರಿಕೆಯ ಗಂಟೆಯನ್ನೂ ಅದು ಬಡಿಸುತ್ತದೆ. ಮಗುವನ್ನು ಅಂಗಾತವಾಗಿ, ದಿಂಬಿಲ್ಲದ ಪ್ರತ್ಯೇಕ ತೊಟ್ಟಿಲಲ್ಲಿ ಮಲಗಿಸಿ. ಹೆರಿಗೆಯ ನಂತರ ಎರಡು ವಾರ ಕಳೆದರೂ ಅಳು, ನಿರಾಸಕ್ತಿ ಹೋಗದಿದ್ದರೆ ಕುಟುಂಬ ವೈದ್ಯರಿಗೆ ತಿಳಿಸಿ. ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ.

ಕಾಗದಪತ್ರಗಳಲ್ಲಿ ಎರಡನ್ನು ಮರೆಯಬೇಡಿ. ಜನನವನ್ನು ಮೂರು ದಿನಗಳೊಳಗೆ ಅಲ್ಲಿನ ನಗರಸಭೆಯಲ್ಲಿ ನೋಂದಾಯಿಸಬೇಕು. ಮಗು ಭಾರತೀಯ ಪ್ರಜೆಯಾಗಬೇಕಾದರೆ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿಯೂ ನೋಂದಣಿ ಆಗಬೇಕು. ನಮ್ಮಲ್ಲಿ ಮನೆತನದ ಹೆಸರನ್ನು ಮೊದಲು ಬರೆಯುವ ರೂಢಿ ಇರುವುದರಿಂದ ಅರ್ಜಿಯಲ್ಲಿ ಗೊಂದಲವಾಗುತ್ತದೆ. ನಿಮ್ಮಿಬ್ಬರ ಪಾಸ್‌ಪೋರ್ಟುಗಳಲ್ಲಿ ಮನೆಹೆಸರು ಯಾವ ಅಂಕಣದಲ್ಲಿದೆ ಎಂಬುದನ್ನು ಹೆರಿಗೆಗೆ ಮುಂಚೆಯೇ ನೋಡಿಕೊಂಡು, ಮಗುವಿನ ಹೆಸರನ್ನು ಎರಡೂ ಕಡೆ ಒಂದೇ ರೀತಿ ಬರೆಸಿ.

ಪ್ರಶ್ನೆ: ಪುತ್ತರಿ ಹಬ್ಬಕ್ಕೆ ಊರಿಗೆ ಬಂದು ದುಬೈಗೆ ಮರಳುವಾಗ ಅಮ್ಮ ಕಟ್ಟಿಕೊಡುವ ಪದಾರ್ಥಗಳಲ್ಲಿ ಯಾವುದನ್ನು ಒಯ್ಯಬಹುದು?

ಉತ್ತರ: ಗಸಗಸೆಯನ್ನು ಒಂದು ಚಿಟಿಕೆಯೂ ಒಯ್ಯಬೇಡಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಒಳಪಡುತ್ತದೆ, ಪಾಯಸಕ್ಕೆಂದು ಹೇಳಿದರೆ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಯಲ್ಲೂ ಅದು ಸೇರಿಲ್ಲವೆಂದು ಅಮ್ಮನನ್ನು ಕೇಳಿ ಖಚಿತಪಡಿಸಿಕೊಳ್ಳಿ. ಹಂದಿ ಮಾಂಸದ ಉಪ್ಪಿನಕಾಯಿಯೂ ಬೇಡ. ದುಬೈನ ಕೆಲವು ಅಂಗಡಿಗಳ ಪ್ರತ್ಯೇಕ ವಿಭಾಗದಲ್ಲಿ ಹಂದಿ ಮಾಂಸ ಸಿಗುತ್ತದೆ. ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಬೇಕಾದ ಹುಳಿರಸ ಕಾಚಂಪುಳಿಯನ್ನು ಮಾತ್ರ ಇಲ್ಲಿಂದ ಒಯ್ದರೆ ಸಾಕು. ಅದರ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿಟ್ಟು, ಚೆಕ್‌ಇನ್ ಪೆಟ್ಟಿಗೆಯಲ್ಲಿ ಹಾಕಿ. ಆ ಕಪ್ಪು ರಸ ಸೋರಿದರೆ ಸೀರೆಯ ಕಲೆ ಹೋಗುವುದಿಲ್ಲ. ಒಣಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಚೆಕ್‌ಇನ್ ಸಾಮಾನಿನಲ್ಲಿ ಅದನ್ನು ಬಿಡುವುದಿಲ್ಲ. ಹುರಿದ ಕಾಫಿಪುಡಿಗೆ ತೊಂದರೆಯಿಲ್ಲ. ವಿರಾಜಪೇಟೆ ಕಡೆಯವರಿಗೆ 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣ ಮಂಗಳೂರಿಗಿಂತ ಹತ್ತಿರ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿದ್ದೇನೆ. ಅಪ್ಪ ಅಮ್ಮ ಮಕ್ಕಂದೂರಿನ ಸಮೀಪ ಇಬ್ಬರೇ ಇದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅವರ ಸುದ್ದಿಯೇ ಸಿಗದೆ ಕಳೆದ ದಿನಗಳನ್ನು ಮರೆಯಲಾಗಿಲ್ಲ. ಪ್ರತಿ ಮಳೆಗಾಲವೂ ನಿದ್ದೆ ಬರುವುದಿಲ್ಲ. ನಂಟರು ನನ್ನನ್ನು ಸ್ವಾರ್ಥಿ ಎನ್ನುತ್ತಾರೆ.

ಉತ್ತರ: ನೀವು ಸ್ವಾರ್ಥಿಯಲ್ಲ. ಮದುವೆಯಾಗಿ ಬೆಂಗಳೂರು ಸೇರಿದ ಮಗಳಾಗಲಿ, ಅಲ್ಲಿಯೇ ಕೆಲಸದಲ್ಲಿರುವ ಮಗನಾಗಲಿ, ಆ ಆಗಸ್ಟ್‌ನಲ್ಲಿ ರಸ್ತೆಗಳೇ ಕೊಚ್ಚಿಹೋದಾಗ ಮನೆ ತಲುಪುವ ಸ್ಥಿತಿಯಲ್ಲಿರಲಿಲ್ಲ. ಹತ್ತಿರ ಇರುವುದಕ್ಕಿಂತ ಮುಂಚಿತವಾಗಿ ಏರ್ಪಾಡು ಮಾಡಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದನ್ನು ಮೆಲ್ಬರ್ನ್‌ನಿಂದಲೂ ಮಾಡಬಹುದು.

ಮೊದಲನೆಯದಾಗಿ, ಜುಲೈ, ಆಗಸ್ಟ್‌ಗಳಲ್ಲಿ ಅವರು ಮಡಿಕೇರಿಯಲ್ಲೋ ಮೈಸೂರಿನಲ್ಲೋ ನಂಬಿಕೆಯ ಕಡೆ ಇರುವಂತೆ ಒಪ್ಪಿಸಲು ಪ್ರಯತ್ನಿಸಿ. ತೋಟ, ನಾಯಿ, ದನ ಬಿಟ್ಟು ಬರುವುದಿಲ್ಲ ಎನ್ನುವುದು ನಮ್ಮ ಹಿರಿಯರ ಸಹಜ ಉತ್ತರ. ಆಗ ‘ಮನೆ ಬಿಡಿ’ ಎಂದು ಒತ್ತಾಯಿಸದೆ, ಯಾವ ಲಕ್ಷಣ ಕಂಡರೆ ಅಂದೇ ಹೊರಡಬೇಕು ಎಂಬುದನ್ನಾದರೂ ಮಾತಾಡಿ ತೀರ್ಮಾನಿಸಿಕೊಳ್ಳಿ. ಅಂಗಳದಲ್ಲಿ ಹೊಸ ಬಿರುಕು, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಗುಡ್ಡದ ಬರೆಯ ಮೇಲಿನ ಮರ ಅಥವಾ ವಿದ್ಯುತ್ ಕಂಬ ವಾಲುವುದು, ಇಲ್ಲದಿದ್ದ ಕಡೆ ಒರತೆ ಒಸರುವುದು, ಇವುಗಳಲ್ಲಿ ಒಂದನ್ನು ಕಂಡರೂ ಸಾಕು. ಕರೆದೊಯ್ಯುವ ಜೀಪು ಯಾರದು ಎಂಬುದೂ ಮೇ ತಿಂಗಳಲ್ಲೇ ನಿಶ್ಚಯವಾಗಿರಬೇಕು.

ಫೋನಿನ ವಿಷಯದಲ್ಲಿ, ಎರಡು ಬೇರೆ ಕಂಪನಿಗಳ ಸಿಮ್ ಮನೆಯಲ್ಲಿರಲಿ, ಪವರ್ ಬ್ಯಾಂಕ್ ಸದಾ ಚಾರ್ಜ್ ಆಗಿರಲಿ. ಮಳೆಗಾಲದಲ್ಲಿ ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ನೀವು ಸಂಜೆ ಮಾಡುವ ಕರೆಯನ್ನು ಇಲ್ಲಿನ ಬೆಳಿಗ್ಗೆ ಏಳು ಗಂಟೆಗೆ, ಅಂದರೆ ಅಲ್ಲಿನ ಹನ್ನೊಂದೂವರೆಗೆ ಬದಲಿಸಿದರೆ, ರಾತ್ರಿ ಮಳೆ ಹೇಗಿತ್ತೆಂಬುದೂ ತಿಳಿಯುತ್ತದೆ, ಏನಾದರೂ ಮಾಡಬೇಕಾದರೆ ಇಡೀ ಹಗಲು ಕೈಯಲ್ಲಿರುತ್ತದೆ. ಕರೆ ಸಿಗದ ದಿನ ಮನೆಯವರೆಗೆ ನಡೆದುಹೋಗಿ ನೋಡಿ ಬರಬಲ್ಲ ಇಬ್ಬರು ನೆರೆಯವರ ಸಂಖ್ಯೆ ನಿಮ್ಮಲ್ಲಿರಲಿ. ಊರಿಗೆ ಬಂದಾಗ ಅವರ ಮನೆಗೆ ಹೋಗಿ ಕೂತು ಮಾತಾಡಿಸಿ ಬರುವುದನ್ನು ತಪ್ಪಿಸಬೇಡಿ. ಜಿಲ್ಲೆಯ ತುರ್ತು ಸಂಖ್ಯೆ 1077 ಹೊರದೇಶದಿಂದ ಸಿಗುವುದಿಲ್ಲವಾದ್ದರಿಂದ, ಮಡಿಕೇರಿಯ 08272 ಸಂಕೇತದಿಂದ ಆರಂಭವಾಗುವ ನಿಯಂತ್ರಣ ಕೊಠಡಿಯ ಪೂರ್ಣ ಸಂಖ್ಯೆಯನ್ನು ಅಪ್ಪನ ಮೂಲಕ ಈಗಲೇ ತರಿಸಿಕೊಳ್ಳಿ.

ಬ್ಯಾಂಕು, ಕಂದಾಯ, ಆಸ್ಪತ್ರೆಯ ಕೆಲಸಗಳಿಗೆ ನಿಮ್ಮ ಪರವಾಗಿ ಸಹಿ ಮಾಡಲು ಯಾರಿಗಾದರೂ ಅಧಿಕಾರಪತ್ರ ಕೊಡಬೇಕಾದರೆ, ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸಿ. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಹಾಗೆಯೇ ಇಬ್ಬರೂ ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಪ್ರಮಾಣವನ್ನು ಅಮ್ಮನ ಕೈಯಲ್ಲೇ ಬರೆಸಿ, ಒಂದು ಪ್ರತಿಯನ್ನು ನೆರೆಯವರಿಗೆ, ಇನ್ನೊಂದನ್ನು ಜೀಪಿನವರಿಗೆ ಕೊಡಿಸಿ. ರಸ್ತೆ ಮುಚ್ಚುವ ಸಂಭವ ಇರುವುದರಿಂದ ಜೂನ್ ಆರಂಭಕ್ಕೆ ಮೊದಲೇ ಎರಡು ತಿಂಗಳಿಗಾಗುವಷ್ಟು ಔಷಧಿ ಮನೆಯಲ್ಲಿರಲಿ.