ಮುಂದಿನ ಕಾಲಕ್ಕೆ ದಾರಿ ಇದೆ, ಹಿಂದಿನ ಕಾಲಕ್ಕೆ?

ಪ್ರಶ್ನೆ: ಕಾಲಯಾನ ನಿಜವಾಗಿಯೂ ಸಾಧ್ಯವಾ? ಒಂದು ವಿಡಿಯೋದಲ್ಲಿ ‘ಐನ್‌ಸ್ಟೈನ್ ಆಗಲೇ ಸಾಬೀತು ಮಾಡಿದ್ದಾರೆ’ ಅಂತಾರೆ. ಇನ್ನೊಂದರಲ್ಲಿ ‘ಅದೆಲ್ಲ ಬರೀ ಕಲ್ಪನೆ’ ಅಂತಾರೆ. ಯಾವುದನ್ನು ನಂಬಬೇಕು?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಇಲ್ಲಿ ಎರಡು ಪ್ರಶ್ನೆಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಮುಂದಿನ ಕಾಲಕ್ಕೆ ಹೋಗುವುದು ಒಂದು, ಹಿಂದಿನ ಕಾಲಕ್ಕೆ ಹೋಗುವುದು ಇನ್ನೊಂದು. ಮೊದಲನೆಯದನ್ನು ಗಡಿಯಾರ ಇಟ್ಟು ಅಳೆದಾಗಿದೆ. ಎರಡನೆಯದು ಇವತ್ತಿಗೂ ಕಾಗದದ ಮೇಲಿನ ಲೆಕ್ಕ.

ಮೊದಲು ಅಳೆದದ್ದನ್ನು ನೋಡೋಣ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ ಎಂದು ಐನ್‌ಸ್ಟೈನ್ 1905ರಲ್ಲೇ ಹೇಳಿದರು. ಗುರುತ್ವ ಜಾಸ್ತಿ ಇರುವ ಕಡೆಯೂ ಗಡಿಯಾರ ನಿಧಾನವಾಗುತ್ತದೆ ಎಂಬುದು ಅವರು ಆಮೇಲೆ ಸೇರಿಸಿದ ಮಾತು. ಯಾರ ಗಡಿಯಾರ ನಿಧಾನವೋ ಅವರಿಗೆ ಕಡಿಮೆ ಕಾಲ ಕಳೆದಿರುತ್ತದೆ; ಮರಳಿದಾಗ ಅವರು ಉಳಿದವರ ಮುಂದಿನ ಕಾಲಕ್ಕೆ ಬಂದು ಸೇರಿದಂತೆ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಅತಿ ನಿಖರವಾದ ಸೀಸಿಯಂ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿ ಸುತ್ತಿ ಬಂದರು. ಪೂರ್ವಕ್ಕೆ ಹೋದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ 59 ಭಾಗ) ಹಿಂದೆ ಬಿದ್ದಿದ್ದವು. ಪಶ್ಚಿಮಕ್ಕೆ ಹೋದವು 273 ನ್ಯಾನೊಸೆಕೆಂಡ್ ಮುಂದಿದ್ದವು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಅವುಗಳ ಒಟ್ಟು ವೇಗ ನೆಲದ ಗಡಿಯಾರಕ್ಕಿಂತ ಕಡಿಮೆ, ಎತ್ತರದಲ್ಲಿ ಗುರುತ್ವವೂ ಕಡಿಮೆ. ಸಿದ್ಧಾಂತ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ.

ನಿಮ್ಮ ಮೊಬೈಲಿನ ಜಿಪಿಎಸ್ ಕೂಡ ಇದನ್ನು ಲೆಕ್ಕಕ್ಕೆ ಹಿಡಿದೇ ಕೆಲಸ ಮಾಡುತ್ತದೆ. ತುಂಬಾ ಎತ್ತರದಲ್ಲಿ ಗುರುತ್ವ ಕಡಿಮೆ ಇರುವುದರಿಂದ ಆ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಭಾಗ) ಮುಂದೆ ಓಡುತ್ತದೆ. ತಿದ್ದದೆ ಬಿಟ್ಟರೆ ದೂರದ ಲೆಕ್ಕ ಒಂದೇ ದಿನದಲ್ಲಿ 10 ಕಿಲೋಮೀಟರಿಗೂ ಜಾಸ್ತಿ ತಪ್ಪುತ್ತದೆ. ನಿಮ್ಮ ಹಾಸನದ ಇಸ್ರೊ ಕೇಂದ್ರ ನೋಡಿಕೊಳ್ಳುವ, ಜಿಪಿಎಸ್‌ನಂತೆ ದಾರಿ ತೋರಿಸುವ ಭಾರತದ್ದೇ ನಾವಿಕ್ ಉಪಗ್ರಹಗಳಿಗೂ ಇಂಥ ತಿದ್ದುಪಡಿ ಬೇಕೇ ಬೇಕು.

ನನಗೆ ಇದಕ್ಕಿಂತ ಇಷ್ಟವಾದ ಸಾಕ್ಷಿ ಮ್ಯುವಾನ್ ಎಂಬ ಕಣ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಗೆ ಬಡಿದಾಗ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇವು ಹುಟ್ಟುತ್ತವೆ. ಮ್ಯುವಾನಿನ ಸರಾಸರಿ ಆಯುಸ್ಸು 2.2 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಬೆಳಕೇ 660 ಮೀಟರ್ ಮಾತ್ರ ಹೋಗಬಲ್ಲದು. ಹಾಗಿದ್ದರೆ ನೆಲ ಮುಟ್ಟುವ ಮೊದಲೇ ಇವು ಬಹುತೇಕ ಮುಗಿದುಹೋಗಬೇಕಲ್ವಾ? ಆದರೆ ನೀವು ಅಂಗೈ ಚಾಚಿದರೆ ನಿಮಿಷಕ್ಕೆ ನೂರರ ಆಸುಪಾಸು ಮ್ಯುವಾನ್‌ಗಳು ಅದನ್ನು ದಾಟಿ ಹೋಗುತ್ತವೆ. ಬೆಳಕಿನ ವೇಗಕ್ಕೆ ತೀರಾ ಹತ್ತಿರದಲ್ಲಿ ಓಡುವ ಅವುಗಳ ಪಾಲಿಗೆ ಕಾಲ ನಿಧಾನವಾಗಿರುತ್ತದೆ. ಶಕ್ತಿ ಜಾಸ್ತಿ ಇರುವವು ಬಂಡೆಯನ್ನೂ ತೂರಿ ಆಳಕ್ಕೆ ಇಳಿಯುತ್ತವೆ. 1950ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇವುಗಳನ್ನು ಎಣಿಸಲು ಕೋಲಾರದ ಚಿನ್ನದ ಗಣಿಗೆ ಇಳಿದರು. 

ಮನುಷ್ಯರೂ ಹೀಗೆ ಮುಂದಕ್ಕೆ ಹೋಗಿದ್ದಾರೆ. ರಷ್ಯಾದ ಗಗನಯಾತ್ರಿ ಸೆರ್ಗೆಯ್ ಕ್ರಿಕಲ್ಯೋವ್ ಒಟ್ಟು 803 ದಿನ ಭೂಮಿಯ ಕಕ್ಷೆಯಲ್ಲಿದ್ದರು. ಜಿಪಿಎಸ್‌ಗಿಂತ ತುಂಬಾ ತಗ್ಗಿನ ಆ ಕಕ್ಷೆಯಲ್ಲಿ ಗುರುತ್ವಕ್ಕಿಂತ ವೇಗದ ಪರಿಣಾಮವೇ ದೊಡ್ಡದು. ಅವರ ವಯಸ್ಸು ನಮಗಿಂತ ಸುಮಾರು 0.02 ಸೆಕೆಂಡ್ ಕಡಿಮೆ ಏರಿದೆ. ಇಷ್ಟೇನಾ ಅನ್ನಬೇಡಿ. ತಡೆ ಇರುವುದು ಶಕ್ತಿಯ ಲೆಕ್ಕದಲ್ಲಿ. ನಿಮಗೆ 1 ವರ್ಷ ಕಳೆಯುವಷ್ಟರಲ್ಲಿ ಭೂಮಿಯಲ್ಲಿ 10 ವರ್ಷ ಆಗಬೇಕಾದರೆ ಬೆಳಕಿನ ವೇಗದ ಶೇ 99.5ರಷ್ಟು ವೇಗ ಬೇಕು. ಬರೀ 1 ಕಿಲೋ ತೂಕವನ್ನು ಆ ವೇಗಕ್ಕೆ ಏರಿಸಲು ಸುಮಾರು 22,500 ಕೋಟಿ ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. 1,720 ಮೆಗಾವಾಟಿನ ರಾಯಚೂರು ಶಾಖೋತ್ಪನ್ನ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ, ಒಂದು ಗಂಟೆಯೂ ನಿಲ್ಲದೆ ಸುಮಾರು 15 ವರ್ಷ ದುಡಿದರೆ ಅಷ್ಟಾಗುತ್ತದೆ.

ಇನ್ನು ಹಿಂದಿನ ಕಾಲ. 1949ರಲ್ಲಿ ಗಣಿತಜ್ಞ ಕರ್ಟ್ ಗೋಡೆಲ್, ಐನ್‌ಸ್ಟೈನ್ ಅವರದೇ ಸಮೀಕರಣಗಳಿಂದ ಒಂದು ವಿಚಿತ್ರ ವಿಶ್ವವನ್ನು ಲೆಕ್ಕ ಹಾಕಿ ತೋರಿಸಿದರು. ಇಡೀ ವಿಶ್ವವೇ ತಿರುಗುತ್ತಿದ್ದರೆ, ಸದಾ ಮುಂದಕ್ಕೇ ಪ್ರಯಾಣ ಮಾಡುತ್ತಾ ನೀವು ಹೊರಟ ಗಳಿಗೆಗೇ ಬಂದು ಸೇರಬಹುದು! ಸಮೀಕರಣಗಳು ಇದಕ್ಕೆ ಅಡ್ಡಿ ಮಾಡುವುದಿಲ್ಲ. ಭೌತಿಕ ಕಾರಣಗಳಿಂದ ಇದನ್ನು ಹೊರಗಿಡಬೇಕೇ ಎಂದು ಯೋಚಿಸಬೇಕು ಅಂದರು ಐನ್‌ಸ್ಟೈನ್. ನಮ್ಮ ವಿಶ್ವ ಹಿಗ್ಗುತ್ತಿದೆ. ಅದು ಹಾಗೆ ತಿರುಗುತ್ತಿರುವ ಕುರುಹು ಸಿಕ್ಕಿಲ್ಲ. ಹಾಗಾಗಿ ಗೋಡೆಲ್ ಅವರ ದಾರಿ ನಮಗೆ ಮುಚ್ಚಿದೆ.

ಜನ ಹೆಚ್ಚು ಮಾತಾಡುವುದು ವರ್ಮ್‌ಹೋಲ್ ಬಗ್ಗೆ. ಎರಡು ದೂರದ ಜಾಗಗಳನ್ನು ಸೇರಿಸುವ ಸುರಂಗ ಅದು. 1988ರಲ್ಲಿ ಅಮೆರಿಕದ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಸಂಗಡಿಗರು ಅದರ ಒಂದು ಬಾಯಿಯನ್ನು ವೇಗವಾಗಿ ಓಡಾಡಿಸಿ ತಂದರೆ ಎರಡು ಬಾಯಿಗಳ ನಡುವೆ ಕಾಲದ ವ್ಯತ್ಯಾಸ ಉಂಟಾಗುತ್ತದೆ ಎಂದು ತೋರಿಸಿದರು. ಒಂದು ಕಡೆಯಿಂದ ಒಳಹೊಕ್ಕರೆ ಇನ್ನೊಂದು ಕಡೆ ಹಿಂದಿನ ಕಾಲದಲ್ಲಿ ಹೊರಬರಬಹುದು. ಕೇಳಲು ಸುಲಭ. ಆದರೆ ಸುರಂಗ ತೆರೆದೇ ಇರಬೇಕಲ್ಲ?

ಕೋಲ್ಕತ್ತದ ಭೌತವಿಜ್ಞಾನಿ ಅಮಲ್ ಕುಮಾರ್ ರಾಯಚೌಧುರಿ 1955ರಲ್ಲಿ ಪ್ರಕಟಿಸಿದ ಸಮೀಕರಣ ಇಲ್ಲಿ ಎದುರಾಗುತ್ತದೆ. ಹತ್ತಿರ ಹತ್ತಿರ ಸಾಗುವ ಬೆಳಕಿನ ಕಿರಣಗಳನ್ನು ಗುರುತ್ವ ಭೂತಗನ್ನಡಿಯಂತೆ ಒಂದೆಡೆಗೆ ಬಾಗಿಸುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಕಪ್ಪುಕುಳಿ ಮತ್ತು ವಿಶ್ವದ ಆರಂಭದ ಬಗ್ಗೆ ಬ್ರಿಟನ್ನಿನ ಪೆನ್ರೋಸ್ ಮತ್ತು ಹಾಕಿಂಗ್ ಅವರ ಪ್ರಸಿದ್ಧ ಪ್ರಮೇಯಗಳು ನಿಂತಿರುವುದೂ ಇದರ ಮೇಲೆಯೇ. ವರ್ಮ್‌ಹೋಲಿಗೆ ಬೇಕಾಗಿರುವುದು ಇದಕ್ಕೆ ತಿರುಗುಮುರುಗು. ಒಳಗೆ ಹೋಗುವಾಗ ಕೂಡಿಕೊಂಡ ಕಿರಣಗಳು ಆಚೆ ಬರುವಾಗ ಚದುರಬೇಕು. ನಮಗೆ ಗೊತ್ತಿರುವ ಕಲ್ಲು, ಕಬ್ಬಿಣ, ಬೆಳಕು, ಅನಿಲ ಯಾವುದೂ ಹಾಗೆ ಮಾಡುವುದಿಲ್ಲ. ಅದಕ್ಕೆ ಋಣಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆ ಶಕ್ತಿ ಬೇಕು.

ಋಣಶಕ್ತಿ ಅನ್ನುವುದು ಸುಮ್ನೆ ಕಟ್ಟಿದ ಮಾತಲ್ಲ. ನಿರ್ವಾತದಲ್ಲಿ ಎರಡು ಲೋಹದ ತಟ್ಟೆಗಳನ್ನು ತೀರಾ ಹತ್ತಿರ ಇಟ್ಟರೆ ಅವು ಒಂದನ್ನೊಂದು ಸೆಳೆಯುತ್ತವೆ ಎಂದು ಡಚ್ ಭೌತವಿಜ್ಞಾನಿ ಕ್ಯಾಸಿಮಿರ್ 1948ರಲ್ಲಿ ಹೇಳಿದ್ದರು. 1997ರಲ್ಲಿ ಆ ಸೆಳೆತವನ್ನು ನಿಖರವಾಗಿ ಅಳೆಯಲಾಯಿತು. ತಟ್ಟೆಗಳ ನಡುವಿನ ಶಕ್ತಿ ಸೊನ್ನೆಗಿಂತ ಕೆಳಗಿರುತ್ತದೆ ಎನ್ನುತ್ತದೆ, ಅತಿ ಸಣ್ಣ ಕಣಗಳ ನಡವಳಿಕೆಯನ್ನು ವಿವರಿಸುವ ಕ್ವಾಂಟಮ್ ಸಿದ್ಧಾಂತ. ಆದರೆ ಅದು ಅತ್ಯಲ್ಪ. 1 ಮೀಟರ್ ಅಗಲದ ವರ್ಮ್‌ಹೋಲಿಗೆ ಗುರುಗ್ರಹದ ಇಡೀ ದ್ರವ್ಯರಾಶಿಗೆ ಸಮನಾಗುವ ಮಟ್ಟದ ಋಣಶಕ್ತಿ ಬೇಕು. ಜೊತೆಗೆ ಋಣಶಕ್ತಿ ಹೆಚ್ಚಾದಷ್ಟೂ ಅದು ಬಾಳುವ ಹೊತ್ತು ಕಡಿಮೆಯಾಗುತ್ತದೆ ಎಂದು ಫೋರ್ಡ್ ಮತ್ತು ರೋಮನ್ ಎಂಬ ಭೌತವಿಜ್ಞಾನಿಗಳು 1990ರ ದಶಕದಲ್ಲಿ ಲೆಕ್ಕ ಹಾಕಿದರು. ನನ್ನ ಮಟ್ಟಿಗೆ ವರ್ಮ್‌ಹೋಲ್ ದಾರಿಗೆ ಬಿದ್ದಿರುವ ದೊಡ್ಡ ಏಟು ಇದೇ.

1992ರಲ್ಲಿ ಹಾಕಿಂಗ್ ಇನ್ನೊಂದು ಹೆಜ್ಜೆ ಇಟ್ಟರು. ಕಾಲಯಂತ್ರ ಸಿದ್ಧವಾಗುವ ಗಳಿಗೆಯಲ್ಲೇ ಕ್ವಾಂಟಮ್ ಏರಿಳಿತಗಳು (ನಿರ್ವಾತದಲ್ಲೂ ಇರುವ ಶಕ್ತಿಯ ಸಣ್ಣ ಏರಿಳಿತಗಳು) ಅದರೊಳಗೆ ಸುತ್ತಿ ಸುತ್ತಿ ಬೆಳೆದು ಅದನ್ನೇ ಒಡೆದುಹಾಕುತ್ತವೆ ಎಂಬುದು ಅವರ ಊಹೆ. ಇದಕ್ಕೆ ಪೂರ್ತಿ ಪುರಾವೆ ಸಿಕ್ಕಿಲ್ಲ. ಗುರುತ್ವ ಮತ್ತು ಕ್ವಾಂಟಮ್ ಎರಡನ್ನೂ ಬೆಸೆಯುವ ಸಿದ್ಧಾಂತ ಇಲ್ಲದೆ ಸಿಗುವುದೂ ಕಷ್ಟ. ಹಾಕಿಂಗ್ ಸರಿ ಎಂದೇ ನನಗೆ ಅನಿಸುತ್ತದೆ. ಆದರೆ ತೀರ್ಪು ಇನ್ನೂ ಬಂದಿಲ್ಲ. ಹಾಗಾಗಿ ‘ಸಾಬೀತಾಗಿದೆ’ ಅಂದವರ ಮಾತು ಮುಂದಿನ ಕಾಲಕ್ಕೆ ಮಾತ್ರ ಸರಿ. ‘ಎಲ್ಲ ಕಲ್ಪನೆ’ ಅಂದವರು ಜಿಪಿಎಸ್ ಮರೆತಿದ್ದಾರೆ.

ಪ್ರಶ್ನೆ: ಹಿಂದಕ್ಕೆ ಹೋಗಲು ಸಾಧ್ಯವಾದರೆ ಮುಂದಿನ ಶತಮಾನದವರು ಈಗಲೇ ನಮ್ಮಲ್ಲಿಗೆ ಬಂದಿರಬೇಕಿತ್ತಲ್ಲ? ಯಾರಾದರೂ ಹೋಗಿ ತಮ್ಮ ಅಜ್ಜನನ್ನೇ ಕೊಂದರೆ ಏನಾಗುತ್ತದೆ?
– ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ವರ್ಮ್‌ಹೋಲ್ ಯಂತ್ರಕ್ಕೆ ಒಂದು ಮಿತಿ ಇದೆ. ಅದು ತಯಾರಾದ ದಿನಕ್ಕಿಂತ ಹಿಂದೆ ಅದರಿಂದ ಹೋಗಲಾಗದು. ಇನ್ನೂ ಯಾರೂ ಮಾಡಿಲ್ಲವಾದ್ದರಿಂದ ಅತಿಥಿಗಳು ಬಾರದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ.

ಅಜ್ಜನ ಪ್ರಶ್ನೆಯನ್ನು ವಿಜ್ಞಾನಿಗಳು ಬಿಲಿಯರ್ಡ್ ಚೆಂಡಿನಿಂದ ಕೇಳಿದರು. ಚೆಂಡು ಸುರಂಗದೊಳಗೆ ಹೋಗಿ, ಹಿಂದಿನ ಕಾಲದಲ್ಲಿ ಹೊರಬಂದು, ತನ್ನನ್ನೇ ಗುದ್ದಿ ಒಳಹೋಗದಂತೆ ತಡೆದರೆ? ಥಾರ್ನ್ ಅವರ ವಿದ್ಯಾರ್ಥಿಗಳು ಲೆಕ್ಕ ಹಾಕಿದಾಗ ವಿರೋಧವಿಲ್ಲದ ಉತ್ತರಗಳೂ ಸಿಕ್ಕವು. ಚೆಂಡು ತನ್ನನ್ನು ಸ್ವಲ್ಪ ಸವರುತ್ತದೆ, ಅದರಿಂದಲೇ ದಾರಿ ಚೂರು ವಾಲುತ್ತದೆ, ವಾಲಿದ್ದರಿಂದಲೇ ಬರೀ ಸವರುತ್ತದೆ. ರಷ್ಯಾದ ಭೌತವಿಜ್ಞಾನಿ ನೋವಿಕೋವ್ ಹೇಳುವ ನಿಯಮವೂ ಇದೇ: ಹೊಂದಿಕೆಯಾಗುವ ಘಟನೆ ಮಾತ್ರ ನಡೆಯುತ್ತದೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಡೇವಿಡ್ ಡಾಯ್ಚ್ ಪ್ರಕಾರ ನೀವು ಮುಟ್ಟುವುದು ಇನ್ನೊಂದು ವಿಶ್ವದ ಅಜ್ಜನನ್ನು. ಇದನ್ನು ಒಪ್ಪಲು ನನಗೆ ಇನ್ನೂ ಮನಸ್ಸು ಬಂದಿಲ್ಲ.

ಪ್ರಶ್ನೆ: ಭಾಗವತದ ಕಕುದ್ಮಿ ರಾಜ ಮಗಳು ರೇವತಿಯ ಜೊತೆ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತಂತೆ. ಇದು ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯೇ ಅಲ್ವಾ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಕಥೆಯಲ್ಲಿ ವೇಗದ ಲೆಕ್ಕವಾಗಲಿ, ಗುರುತ್ವದ ಲೆಕ್ಕವಾಗಲಿ ಇಲ್ಲ. ಹಾಗಾಗಿ ಸಾಪೇಕ್ಷತೆ ಅನ್ನಲಾಗದು. ಆದರೆ ಎರಡು ಲೋಕಗಳಲ್ಲಿ ಕಾಲ ಬೇರೆ ಬೇರೆ ಹರಿಯಬಹುದು ಎಂದು ಊಹಿಸಿದ ಮನಸ್ಸಿನ ಬಗ್ಗೆ ನನಗೆ ತುಂಬಾ ಗೌರವವಿದೆ.

ನೀವು ಕೇಳಿದ್ದಕ್ಕೆ ಲೆಕ್ಕ ಹಾಕಿದೆ. ಒಂದು ಚತುರ್ಯುಗಕ್ಕೆ 43,20,000 ವರ್ಷದಂತೆ 27ಕ್ಕೆ ಸುಮಾರು 11.66 ಕೋಟಿ ವರ್ಷ. ರಾಜ ಅಲ್ಲಿ ಒಂದು ದಿನ ಇದ್ದ ಅಂತಿಟ್ಟುಕೊಳ್ಳಿ. ಕಣಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಏರಿಸುವ ಜಿನೀವಾದ ಸರ್ನ್ ಯಂತ್ರದಲ್ಲಿ ಓಡುವ ಪ್ರೋಟಾನಿಗೆ ಒಂದು ದಿನ ಕಳೆದರೆ ನಮಗೆ ಕಳೆಯುವುದು ಸುಮಾರು 20 ವರ್ಷ ಅಷ್ಟೇ. ಆದರೆ 1991ರಲ್ಲಿ ಅಮೆರಿಕದ ಯೂಟಾದ ಮೇಲೆ ಬಂದಪ್ಪಳಿಸಿದ ಒಂದು ವಿಶ್ವಕಿರಣದ ಶಕ್ತಿ ಎಷ್ಟಿತ್ತೆಂದರೆ, ಅದು ಪ್ರೋಟಾನ್ ಆಗಿದ್ದರೆ ಅದರ ಒಂದು ದಿನ ನಮ್ಮ 90 ಕೋಟಿ ವರ್ಷಕ್ಕೂ ಜಾಸ್ತಿ, ಅಂದರೆ ಕಥೆಯ 11.66 ಕೋಟಿಯನ್ನೂ ಮೀರಿದ್ದು.