ಬ್ಯಾಂಕು ಮುಳುಗಿದರೂ ಐಸ್‌ಲ್ಯಾಂಡ್ ಎದ್ದದ್ದು ಹೇಗೆ?

ಪ್ರಶ್ನೆ: 2008ರಲ್ಲಿ ಐಸ್‌ಲ್ಯಾಂಡಿನ ಮೂರೂ ದೊಡ್ಡ ಬ್ಯಾಂಕುಗಳು ಬಿದ್ದವಲ್ಲ, ಅವುಗಳ ಸಾಲವನ್ನು ದೇಶ ತೀರಿಸಲೇ ಇಲ್ಲವಂತೆ. ನಿಜವೇ?

ಉತ್ತರ: ಅರ್ಧ ನಿಜ. ಗ್ಲಿಟ್ನಿರ್, ಲ್ಯಾಂಡ್ಸ್‌ಬಾಂಕಿ, ಕೌಪ್‌ಥಿಂಗ್ ಸೇರಿ ದೇಶದ ಜಿಡಿಪಿಯ ಹಲವು ಪಟ್ಟು ಬೆಳೆದಿದ್ದವು. ಉಳಿಸಲು ಹೊರಟಿದ್ದರೆ ಸರ್ಕಾರವೇ ದಿವಾಳಿ! ಅಕ್ಟೋಬರ್ 6ರ ತುರ್ತು ಕಾನೂನು, ಸಾಲ ಕೊಟ್ಟವರ ಸರದಿಯಲ್ಲಿ ಠೇವಣಿದಾರರನ್ನು ಮುಂದಕ್ಕೆ ತಂದಿತು. ದೇಶದೊಳಗಿನ ಠೇವಣಿ, ಸಾಲಗಳು ಹೊಸ ಬ್ಯಾಂಕುಗಳಿಗೆ ಹೋದವು. ಬಾಂಡ್ ಕೊಂಡು ಬ್ಯಾಂಕುಗಳಿಗೆ ಸಾಲ ಕೊಟ್ಟಿದ್ದ ವಿದೇಶಿಯರು ಹಳೆಯ ಬ್ಯಾಂಕುಗಳಲ್ಲೇ ಉಳಿದರು. ಆಸ್ತಿ ಮಾರಿ ಬಂದಷ್ಟೇ ಅವರ ಪಾಲು. ಆದರೆ ಹೊಸ ಬ್ಯಾಂಕುಗಳಿಗೆ ಸರ್ಕಾರ ಬಂಡವಾಳ ಹಾಕಬೇಕಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ (ಐಎಂಎಫ್) ಸುಮಾರು 210 ಕೋಟಿ ಡಾಲರ್ ಸಾಲವನ್ನೂ ತಂದಿತು. ಅದು ಅವಧಿಗೆ ಮೊದಲೇ, 2015ರಲ್ಲಿ ತೀರಿತು.

ದೇಶದ ಕರೆನ್ಸಿ ಕ್ರೋನಾ ಕುಸಿದದ್ದು ಮೀನು ರಫ್ತಿಗೆ, ಪ್ರವಾಸೋದ್ಯಮಕ್ಕೆ ಅನುಕೂಲವಾಯಿತು. ಸ್ವಂತ ಕರೆನ್ಸಿ ಇಲ್ಲದೆ ಯೂರೋ ಬಳಸುವ ಗ್ರೀಸ್‌ಗೆ ಈ ದಾರಿ ಇರಲಿಲ್ಲ, ಹಾಗಾಗಿ ಇದನ್ನು ಎಲ್ಲರಿಗೂ ಒಪ್ಪುವ ಮದ್ದೆನ್ನಲಾಗದು. ಐಸ್‌ಲ್ಯಾಂಡಿನಲ್ಲಿ ಪೆಟ್ಟು ತಿಂದವರು ಮನೆಸಾಲ ಮಾಡಿದವರು: ಅಲ್ಲಿ ಬಹಳಷ್ಟು ಸಾಲದ ಅಸಲೇ ಹಣದುಬ್ಬರಕ್ಕೆ ಜೋಡಿಸಿದ್ದು, ಬೆಲೆ ಏರಿದಂತೆ ಅಸಲೂ ಬೆಳೆಯಿತು. ವಿದೇಶಿ ಕರೆನ್ಸಿಗೆ ಜೋಡಿಸಿದ ಸಾಲಗಳನ್ನು ಮಾತ್ರ ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ಕಾನೂನುಬಾಹಿರ ಎಂದಿತು. ಹಣ ಹೊರಹೋಗದಂತೆ 2008ರ ನವೆಂಬರಿನಲ್ಲಿ ಹಾಕಿದ 'ತಾತ್ಕಾಲಿಕ' ನಿರ್ಬಂಧ ಬಹುಪಾಲು ತೆರವಾಗಿದ್ದು 2017ರ ಮಾರ್ಚಿನಲ್ಲಿ!