ಅದಕ್ಕೆ ಗತ್ತಲ್ಲ, ಕಿವಿ ಕೇಳಿಸುತ್ತಿಲ್ಲ

ಓದುಗರ ಪತ್ರ: ನಮ್ಮ ಪರ್ಷಿಯನ್ ಬೆಕ್ಕು ಹಾಲಿನಷ್ಟು ಬಿಳಿ, ಎರಡೂ ಕಣ್ಣು ನೀಲಿ. ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ. ಮಾರಿದವರು 'ಜಾತಿ ಬೆಕ್ಕು, ಗತ್ತು ಜಾಸ್ತಿ' ಅಂದರು. ಇಂಥದ್ದೇ ಬಿಳಿ ಗಂಡು ಸಿಕ್ಕಿದೆ. ಮರಿ ಹಾಕಿಸಬಹುದೇ?

ಸಂಪಾದಕರ ಉತ್ತರ: ಬೇಡ. ಮೊದಲು ಅದರ ಕಿವಿ ನೋಡಿಸಿ.

ನಮ್ಮ ಮನೆಯಲ್ಲೂ ಇಂಥದ್ದೊಂದು ಇತ್ತು, ಮಲ್ಲಿ ಅಂತ. ಒಂದು ದಿನ ಒಲೆ ಪಕ್ಕ ಮಲಗಿದ್ದಾಗ ಸ್ಟೀಲ್ ತಟ್ಟೆ ಠಣ್ ಅಂತ ಬಿತ್ತು. ಮನೆಯವರೆಲ್ಲ ಬೆಚ್ಚಿದರು, ಅದರ ಕಿವಿ ಮಾತ್ರ ಅಲ್ಲಾಡಲಿಲ್ಲ. ಅಮ್ಮ ಅಂಗೈಯಿಂದ ನೆಲ ತಟ್ಟಿದರೆ ಥಟ್ಟನೆ ಏಳುತ್ತಿತ್ತು. ಒಂದು ಸಂಜೆ ಹಿಂದಕ್ಕೆ ಬರುತ್ತಿದ್ದ ಆಟೋದ ಸದ್ದು ಅದಕ್ಕೆ ಕೇಳಲಿಲ್ಲ. ಆಮೇಲೆ ನಾವು ಬೆಕ್ಕು ಸಾಕಲಿಲ್ಲ.

ಇದು ಹೊಸ ವಿಷಯವೇನಲ್ಲ. ಪೂರ್ತಿ ಬಿಳಿ, ನೀಲಿ ಕಣ್ಣಿನ ಬೆಕ್ಕುಗಳು ಸಾಮಾನ್ಯವಾಗಿ ಕಿವುಡು ಅಂತ ಡಾರ್ವಿನ್ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿದ್ದರು. ಬಿಳಿ ಬೆಕ್ಕಿನ ಒಳಗೆ ಕಪ್ಪೋ ಬೂದೋ ಒಂದು ಬಣ್ಣ ಅಡಗಿಯೇ ಇರುತ್ತದೆ. ಕಿಟ್ ಅನ್ನುವ ಜೀನ್‌ನಲ್ಲಿ ಹಳೇ ವೈರಸ್ಸಿನ ತುಣುಕು ಸೇರಿಕೊಂಡು ಆ ಬಣ್ಣ ಹೊರಬರದಂತೆ ತಡೆಯುತ್ತದೆ. ಮರಿ ಹೊಟ್ಟೆಯಲ್ಲಿರುವಾಗ ಬಣ್ಣ ತಯಾರಿಸುವ ಜೀವಕೋಶಗಳು ಬೆನ್ನಿನ ಕಡೆಯಿಂದ ಹೊರಟು ಚರ್ಮಕ್ಕೆ, ಕಣ್ಣಿಗೆ, ಒಳಕಿವಿಗೆ ಹೋಗಬೇಕು. ಇಲ್ಲಿ ಅವು ತಲುಪುವುದಿಲ್ಲ, ಇಲ್ಲವೇ ಉಳಿಯುವುದಿಲ್ಲ. ಅವಿಲ್ಲದೆ ಒಳಕಿವಿ ಕೆಲಸ ಮಾಡದು. ಹುಟ್ಟಿದ ಕೆಲವೇ ವಾರಗಳಲ್ಲಿ ಹಾಳಾಗುತ್ತದೆ. ಎರಡೂ ಕಣ್ಣು ನೀಲಿ ಇರುವ ಬಿಳಿ ಬೆಕ್ಕುಗಳಲ್ಲಿ ನೂರಕ್ಕೆ 65ರಿಂದ 85 ಕಿವುಡು. ಒಂದೇ ಕಣ್ಣು ನೀಲಿಯಾದರೆ ಸುಮಾರು 40. ಸಯಾಮಿ ಬೆಕ್ಕಿನ ನೀಲಿ ಕಣ್ಣಿಗೆ ಈ ತೊಂದರೆ ಇಲ್ಲ. ಅಲ್ಲಿ ಆ ಜೀವಕೋಶಗಳು ಇವೆ, ಬಣ್ಣ ಮಾತ್ರ ಕಡಿಮೆ.

ಎಲ್ಲ ಬಿಳಿ ಬೆಕ್ಕೂ ಕಿವುಡಲ್ಲ, ಚೆನ್ನಾಗಿ ಕೇಳುವವೂ ಬೇಕಾದಷ್ಟಿವೆ. ಒಪ್ಪುತ್ತೇನೆ. ಆದರೆ ಮನೆಯಲ್ಲಿ ಚಪ್ಪಾಳೆ ತಟ್ಟಿ ತೀರ್ಮಾನಿಸಬೇಡಿ. ಗಾಳಿಯ ಅಲುಗಾಟಕ್ಕೇ ಬೆಕ್ಕು ತಿರುಗುತ್ತದೆ. ಒಂದೇ ಕಿವಿ ಹೋಗಿದ್ದರಂತೂ ಗೊತ್ತೇ ಆಗದು. ಅದಕ್ಕೆ ಬೇಯರ್ ಪರೀಕ್ಷೆ ಇದೆ. ತಲೆಯ ಚರ್ಮಕ್ಕೆ ಸಣ್ಣ ಸೂಜಿ ಚುಚ್ಚಿ, ಒಂದೊಂದೇ ಕಿವಿಗೆ ಟಿಕ್ ಟಿಕ್ ಸದ್ದು ಕೇಳಿಸಿ, ಮಿದುಳಿಗೆ ಅದು ಮುಟ್ಟಿತೇ ಅಂತ ನೋಡುತ್ತಾರೆ. ಇದಿಲ್ಲದೆ ಬಿಳಿಗೆ ಬಿಳಿ ಕೂಡಿಸುವುದು ಮರಿಗಳಿಗೆ ಮಾಡುವ ಅನ್ಯಾಯ.

ನಿಮ್ಮನ್ನೇ ದೂರುತ್ತಿಲ್ಲ. ಕರೆದರೆ ಬರುತ್ತಿಲ್ಲವಲ್ಲ ಅಂತ ಕೊರಗಿ ಪತ್ರ ಬರೆದಿದ್ದೀರಿ, ಅದೇ ದೊಡ್ಡದು. ನನ್ನ ಸಿಟ್ಟು ಬಿಳುಪಿನ ಹುಚ್ಚಿನ ಮೇಲೆ. ವಧು ಬೇಕಾಗಿದ್ದಾಳೆ ಜಾಹೀರಾತಿನಲ್ಲಿ ಇವತ್ತಿಗೂ 'ಬೆಳ್ಳಗಿರಬೇಕು' ಅಂತಾರೆ, ಅಲ್ವಾ? ಅದೇ ಕಣ್ಣಿಂದ ಮರಿ ಆರಿಸುತ್ತೇವೆ. ಬಿಳಿಗೆ ದುಡ್ಡು ಜಾಸ್ತಿ ಕೊಡುತ್ತೇವೆ, ಅದಕ್ಕೇ ಮರಿ ಮಾರುವವರೂ ಬಿಳಿಯನ್ನೇ ಹುಟ್ಟಿಸುತ್ತಾರೆ.

ಆ ಗಂಡಿನ ಮನೆಯವರಿಗೆ ಇವತ್ತೇ ಫೋನ್ ಮಾಡಿ, ಬೇಡ ಅನ್ನಿ. ನಿಮ್ಮ ಬೆಕ್ಕನ್ನು ಬೀದಿಗೆ ಬಿಡಬೇಡಿ. ಕರೆಯಬೇಕಾದಾಗ ನೆಲ ತಟ್ಟಿ. ಬರುತ್ತದೆ.